ತಿಪ್ಪೆಯ ಪಾಲು

"ಬರುವಾಗ ಒಂದು ಬುಟ್ಟಿ ಸಗಣಿ ಹಾಕ್ಕಂಡ್ ಬಾರವ್ವ," ಎಂದು ಹಾಲಮ್ಮ ಫೋನಿನಲ್ಲಿ ಹೇಳಿದಾಗ ವಿನುತಾಗೆ ಮೊದಲು ನಗು ಬಂತು. ದಾವಣಗೆರೆಯಿಂದ ಬೇವಿನಗೊಂದಿಗೆ ದೀಪಾವಳಿಗೆಂದು ಹೋಗುವ ಸೊಸೆ ಹೊಸ ಸೀರೆ ಒಯ್ಯಬಹುದು, ಬೆಣ್ಣೆ ಬಿಸ್ಕತ್ತು ಒಯ್ಯಬಹುದು. ಪೇಟೆಯಿಂದ ಹಳ್ಳಿಗೆ ಸಗಣಿ ಹೊತ್ತವರನ್ನು ಅವಳು ಕಂಡಿರಲಿಲ್ಲ.

"ಯಾಕತ್ತೆ, ಊರಾಗೆ ದನ ಇಲ್ವಾ?"

"ದನ ಅದಾವೆ. ಹಾಕಿದ್ದು ನೆಲ ಮುಟ್ಟಾಕೆ ನಿಮ್ಮ ಲಾರಿ ಬಿಟ್ರೆ ತಾನೇ? ಹೋದ್ವರ್ಷದ ತನಕ ಒಂದು ಮುದ್ದೆನಾದ್ರೂ ಉಳೀತಿತ್ತು, ಈಗ ಬೆಳಗಾದ್ರೆ ಪೈಪ್ ಹಚ್ಚಿ ಎಳ್ಕಂಡ್ ಹೋಗ್ತಾರೆ. ನಾಳೆ ಪಾಡ್ಯ. ಹಟ್ಟೆವ್ವನ್ನ ಏನ್ ಮೈದಾ ಹಿಟ್ಟಿನಾಗೆ ಮಾಡ್ಲಾ?"

ಬಲಿಪಾಡ್ಯಮಿಯ ಬೆಳಿಗ್ಗೆ ಸಗಣಿಯಲ್ಲಿ ಹಟ್ಟೆವ್ವ ದೇವಿಯ ಗೊಂಬೆ ಮಾಡಿ, ಚೆಂಡುಹೂವೂ ಉತ್ತರಾಣಿ ಕಡ್ಡಿಯೂ ಸಿಗಿಸಿ, ಹೊಸ್ತಿಲ ಎರಡೂ ಬದಿಗೆ ಇಡುವುದು ಆ ಕಡೆಯ ಪದ್ಧತಿ. ಹಾಲಮ್ಮ ವಿನುತಾಳ ತಂದೆಯ ಅಕ್ಕ, ಈಗ ಗಂಡನ ತಾಯಿಯೂ ಹೌದು. ಅವಳ ಮಾತನ್ನು ಮೀರುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. "ತರ್ತೀನಿ ಬಿಡಿ," ಎಂದು ವಿನುತಾ ಫೋನ್ ಇಟ್ಟಳು.

ನಗು ಬಂದಷ್ಟೇ ಬೇಗ ಹೋಗಿತ್ತು. ಆ ಲಾರಿಗಳು ಅವಳಿಗಾಗಿ ಓಡುತ್ತಿದ್ದವು.

ಊರಾಚೆಯ ಹಳೆಯ ಹತ್ತಿ ಗಿರಣಿಯೊಂದನ್ನು ಕೊಂಡು 'ಹಸಿರೊಳಗು' ಎಂಬ ಕಂಪನಿ ಒಳಾಂಗಣ ತೋಟ ಮಾಡಿತ್ತು. ನೂಲುವ ಯಂತ್ರಗಳಿದ್ದ ಅಂಕಣಗಳಲ್ಲಿ ಈಗ ಸೂರಿನವರೆಗೆ ಅಟ್ಟಣಿಗೆಗಳು. ಅಟ್ಟಣಿಗೆಯ ಒಂದೊಂದು ಅಂತಸ್ತಿನಲ್ಲೂ ಮೆಂತ್ಯ, ದಂಟು, ಪಾಲಕ್, ಸಬ್ಬಸಿಗೆ. ನೆತ್ತಿಯ ಮೇಲೆ ನಸುಗೆಂಪು ದೀಪ. ಮಣ್ಣಿಲ್ಲದೆ ಸೊಪ್ಪು ಬೆಳೆಯುವುದು ಹೊಸತೇನಲ್ಲ. ನೀರಿಗೆ ಲವಣ ಬೆರೆಸಿ ಬೆಳೆಯುವುದನ್ನು ಅವಳ ಅಪ್ಪನ ಕಾಲದವರೇ ಕಂಡಿದ್ದರು. ಆದರೆ ಲವಣ ರಾಸಾಯನಿಕ ಕಾರ್ಖಾನೆಯದು, ಅದಕ್ಕೆ ಸಾವಯವದ ಮುದ್ರೆ ಸಿಗುತ್ತಿರಲಿಲ್ಲ. ವಿನುತಾ ಕಂಡುಹಿಡಿದದ್ದು ಜೀವಹಾಸು. ಹೆಬ್ಬೆರಳಿನಷ್ಟು ದಪ್ಪ, ಚಾಪೆಯಂತೆ ಸುತ್ತಿಡಬಹುದು. ಕಳಿತ ಸಗಣಿ, ತೆಂಗಿನ ನಾರು, ಅವುಗಳ ನಡುವೆ ಅವಳು ಆರಿಸಿ ಸಾಕಿದ ಸೂಕ್ಷ್ಮಜೀವಿಗಳು. ಅವು ಸಗಣಿಯನ್ನು ತಿಂದು ಬೇರಿಗೆ ಸಾರಜನಕ ಕೊಡುತ್ತವೆ. ಅವು ಬಿಡುವ ಉಸಿರು, ಅಂದರೆ ಇಂಗಾಲದ ಡೈಆಕ್ಸೈಡ್, ಮುಚ್ಚಿದ ಕೋಣೆಯಲ್ಲೇ ಉಳಿದು ಎಲೆಗೆ ಆಹಾರವಾಗುತ್ತದೆ. ಹನ್ನೆರಡು ದಿನಕ್ಕೆ ಮೆಂತ್ಯ ಕಟ್ಟು ಕಟ್ಟುವಷ್ಟು ಬೆಳೆಯುತ್ತಿತ್ತು.

ಆ ಹೊತ್ತಿಗೆ ರಾಜ್ಯದಲ್ಲಿ ಮಾರುವ ಪ್ರತಿ ತರಕಾರಿಯ ಮೇಲೂ ಭಾರಾಂಕ ಅಚ್ಚಾಗಬೇಕೆಂಬ ಕಾಯ್ದೆ ಬಂದಿತ್ತು. ಒಂದು ಕಿಲೊ ಬೆಳೆಯುವುದಕ್ಕೆ ಹಿಡಿದ ನೀರು, ವಿದ್ಯುತ್ತು, ಗೊಬ್ಬರ, ಸಾಗಾಟ, ಹೊಗೆ ಎಲ್ಲವನ್ನೂ ಕೂಡಿಸಿ, ಹೊಲದ ಸೊಪ್ಪನ್ನು ನೂರೆಂದಿಟ್ಟುಕೊಂಡು, ಉಳಿದದ್ದನ್ನು ಅದರೊಡನೆ ತೂಗುವ ಅಂಕಿ ಅದು. ಸಂತೆಗೆ ಬಂದ ಹೆಂಗಸರು ಸೊಪ್ಪಿನ ತೊಟ್ಟು ಮುರಿದು ನೋಡುವ ಮೊದಲು ಅದನ್ನೇ ನೋಡುತ್ತಿದ್ದರು. ಹಸಿರೊಳಗಿನ ಸೊಪ್ಪಿನ ಭಾರಾಂಕ ಎಂಬತ್ತೆರಡು. ಕಟ್ಟಿನ ಮೇಲೆ 'ಭೂಮಿಗೆ ಭಾರವಿಲ್ಲ' ಎಂಬ ಚೀಟಿ. ಆ ಲೆಕ್ಕ ಮಾಡಿದವಳೂ ವಿನುತಾಳೇ.

ಲೆಕ್ಕದಲ್ಲಿ ಅವಳು ಜಿಪುಣತನ ಮಾಡಿರಲಿಲ್ಲ. ದೀಪಗಳು ಕಿಲೊ ಸೊಪ್ಪಿಗೆ ನಾಲ್ಕು ಯುನಿಟ್ ವಿದ್ಯುತ್ ನುಂಗುವುದನ್ನು ಮುಚ್ಚಿಟ್ಟಿರಲಿಲ್ಲ. ಮೋಡ ಕವಿದ ದಿನ ಸೂರ್ಯಫಲಕ ಸಾಲದೆ ಕಲ್ಲಿದ್ದಲಿನ ವಿದ್ಯುತ್ ಎಳೆಯುವುದನ್ನೂ ಸೇರಿಸಿದ್ದಳು. ಅಟ್ಟಣಿಗೆಯ ಕಬ್ಬಿಣ, ಹನಿ ಕೊಳವೆಯ ಪ್ಲಾಸ್ಟಿಕ್, ಸಗಣಿ ಲಾರಿಯ ಡೀಸೆಲ್, ಕೊನೆಗೆ ಕೆಲಸದ ಹೆಂಗಸರ ಕೈಗವಸನ್ನೂ ಬಿಟ್ಟಿರಲಿಲ್ಲ. ಲೆಕ್ಕದ ಪಟ್ಟಿಯ ಒಂದು ಮನೆಯಲ್ಲಿ ಮಾತ್ರ ಸೊನ್ನೆ ಇತ್ತು. ಸಗಣಿ ತ್ಯಾಜ್ಯ, ತ್ಯಾಜ್ಯಕ್ಕೆ ಭಾರವಿಲ್ಲ ಎಂದು ನಿಯಮವೇ ಹೇಳುತ್ತಿತ್ತು.

ಅಂದು ಸಂಜೆ ಅವಳು ಸಗಣಿ ಇಳಿಸುವ ಅಂಗಳಕ್ಕೆ ಬುಟ್ಟಿ ಹಿಡಿದು ಬಂದದ್ದನ್ನು ಕಂಡು ಘಟಕದ ವ್ಯವಸ್ಥಾಪಕ ರುದ್ರಮುನಿಗೆ ನಗು ತಡೆಯಲಾಗಲಿಲ್ಲ.

"ಏನ್ ಮೇಡಂ, ಹಬ್ಬದ ಬೋನಸ್ ಸಾಲ್ಲಿಲ್ವಾ?"

"ಅತ್ತೆಗೆ ಬೇಕಂತೆ. ಊರಲ್ಲಿ ಸಿಗಲ್ಲವಂತೆ."

"ಸಿಗೋದಾದ್ರೂ ಹೆಂಗೆ? ಮೂವತ್ತು ಹಳ್ಳಿ ಗುಡಿಸ್ತಾ ಇದೀವಿ. ಸೋಮವಾರ ಭಾರಾಂಕದ ಲೆಕ್ಕಕ್ಕೆ ನೀವೊಂದು ಸಹಿ ಹಾಕಿಬಿಡಿ, ಹನ್ನೊಂದು ಹೊಸ ಘಟಕ. ಆಮೇಲೆ ಗಡಿ ದಾಟಿ ಆಂಧ್ರದ ಎಮ್ಮೆಗೂ ನಾವೇ ಗತಿ." ಅವನೇ ಸಲಿಕೆ ತಗೊಂಡು ಬುಟ್ಟಿ ತುಂಬಿಸಿ ಕಾರಿನ ಡಿಕ್ಕಿಯಲ್ಲಿಟ್ಟ.

ಡಿಕ್ಕಿಯಲ್ಲಿ ಅದರ ಪಕ್ಕಕ್ಕೆ ಅವಳ ಬೋಗುಣಿ ಇತ್ತು. ನೆಲದ ಉಸಿರು ಅಳೆಯುವ ಸಾಧನಕ್ಕೆ ಪ್ರಯೋಗಾಲಯದವರು ಇಟ್ಟ ಹೆಸರು ಅದು. ಕವುಚಿ ಹಾಕಿದ ಉಕ್ಕಿನ ಬೋಗುಣಿಯಂತೆಯೇ ಕಾಣುತ್ತಿತ್ತು. ಹಾಸಿನ ಮೇಲೆ ಒತ್ತಿ ಹಿಡಿದರೆ ಒಳಗೆ ಸೇರುವ ಇಂಗಾಲದ ಡೈಆಕ್ಸೈಡನ್ನು ಅಳೆದು, ಮೇಲಿನ ಪುಟ್ಟ ಪರದೆಯಲ್ಲಿ ಗೆರೆ ಎಳೆಯುತ್ತದೆ. ಜೀವಿಗಳು ಹೆಚ್ಚಿದಷ್ಟೂ ಗೆರೆ ಕಡಿದಾಗಿ ಏರುತ್ತದೆ. ಜೀವಹಾಸಿನ ಮೇಲಿಟ್ಟರೆ ಅದು ಗೋಡೆ ಹತ್ತಿದಂತೆ ಏರುತ್ತಿತ್ತು. ನಿಯಂತ್ರಣ ಕೊಠಡಿಯಲ್ಲಿ ಇಂಥ ಗೆರೆಗಳನ್ನು ನೋಡುತ್ತ ಕೂರುವುದು ಅವಳಿಗೆ ತೊಟ್ಟಿಲು ತೂಗಿದಷ್ಟು ಹಿತ.

*

ಮರುದಿನ ಬೇವಿನಗೊಂದಿಯ ಮನೆಯಂಗಳದಲ್ಲಿ ಬುಟ್ಟಿ ಇಳಿಸಿದ್ದೇ ತಡ, ಸುದ್ದಿ ಓಣಿ ತುಂಬ ಹರಡಿತು. ಪಕ್ಕದ ಮನೆಯವಳು ಬಾಳೆಲೆ ಹಿಡಿದು ಬಂದಳು, ಎದುರು ಮನೆಯವಳು ಒಂದು ಮೊರ ತಂದಳು. ಹಾಲಮ್ಮ ಜಗುಲಿಯಲ್ಲಿ ಕೂತು ಸತ್ಯನಾರಾಯಣ ಪೂಜೆಯ ಸಪಾದ ಹಂಚುವವಳಂತೆ ಒಬ್ಬೊಬ್ಬರಿಗೂ ಒಂದೊಂದು ಮುದ್ದೆ ಹಾಕಿದಳು.

"ಏನವ್ವ ಇಂಜಿನೀರಮ್ಮ, ನಮ್ಮೆಮ್ಮೆದೋ, ನಿನ್ನ ಕಂಪನಿದೋ ಇದು?" ಎಂದಳು ಎದುರು ಮನೆಯವಳು.

"ನಿಂದೇ ಇರ್ಬೇಕು ತಗಾ, ಒಂದ್ಸಲ ಪ್ಯಾಟಿ ನೋಡ್ಕಂಡ್ ಬಂದೈತಿ," ಎಂದಳು ಹಾಲಮ್ಮ. ಎಲ್ಲರೂ ನಕ್ಕರು. ವಿನುತಾಳೂ ನಕ್ಕಳು.

ಹಾಲಮ್ಮನಿಗೆ ಲಾರಿಯ ಮೇಲೆ ಸಿಟ್ಟೇನೂ ಇರಲಿಲ್ಲ. ನಲವತ್ತು ವರ್ಷ ತಲೆಯ ಮೇಲೆ ಸಗಣಿ ಬುಟ್ಟಿ ಹೊತ್ತು ಹಿತ್ತಲ ತಿಪ್ಪೆಗೆ ಹಾಕಿದವಳು ಅವಳು. ಈಗ ಪೈಪಿನವರು ಬಂದು ಹೋದರೆ ಕೊಟ್ಟಿಗೆ ಬೆಳ್ಳಗೆ. ಸೊಂಟ ನೋವಿಲ್ಲ, ನೊಣವಿಲ್ಲ. ಹಬ್ಬಕ್ಕೊಂದು ಮುದ್ದೆ ಉಳಿಸಲಿಲ್ಲ ಎಂಬುದಷ್ಟೇ ಅವಳ ದೂರು. ತಿಪ್ಪೆ ಇದ್ದ ಗುಂಡಿಯ ಜಾಗದಲ್ಲಿ ಈಗ ಸಿಮೆಂಟು ಹಾಕಿ ಬಟ್ಟೆ ಒಗೆಯುವ ಕಟ್ಟೆ ಮಾಡಿಸಿದ್ದಳು.

ಹಿರಿಯ ಸೊಸೆ ಸುವರ್ಣ ಹಸಿರೊಳಗಿನಲ್ಲೇ ಸೊಪ್ಪು ಕೊಯ್ಯುವ ಸಾಲಿನಲ್ಲಿದ್ದಳು. ಕಂಪನಿಯ ಬಸ್ಸು ಮನೆ ಬಾಗಿಲಿಗೆ ಬರುತ್ತಿತ್ತು. ಹಟ್ಟೆವ್ವನಿಗೆ ಹೂ ಸಿಗಿಸುತ್ತಾ ಅವಳು, "ವಿನುತಾ, ಹೊಸ ಘಟಕ ಬಂದ್ರೆ ನನ್ನ ಮೇಸ್ತ್ರಿ ಮಾಡ್ತಾರಂತಲ್ಲ, ಹೌದೇನೇ? ಬಿಸ್ಲಾಗೆ ಕಳೆ ಕಿತ್ತು ಸಾಕಾಗೈತಿ ಕಣೇ ನನಗೆ. ಅಲ್ಲಿ ತಂಪಿಗೆ ನಿಂತ್ಕಂಡು ಕೊಯ್ಯಾದು ಅಂದ್ರೆ ತವರಿಗೆ ಹೋದಂಗೆ," ಎಂದಳು.

"ನೋಡೋಣಕ್ಕ," ಎಂದಳು ವಿನುತಾ.

ಊಟವಾದ ಮೇಲೆ ಸುವರ್ಣಳ ಗಂಡ, ಭಾವ ಅಂಜಿನಪ್ಪ ಹೊಲಕ್ಕೆ ಹೊರಟ. ಮೆಕ್ಕೆಜೋಳ ಮುರಿದು, ದಂಟು ಕಡಿದು, ಹಿಂಗಾರಿಗೆ ಕಡಲೆ ಹಾಕಲು ನೆಲ ಬಿಡಿಸಬೇಕಿತ್ತು. ವಿನುತಾ ಬೋಗುಣಿ ಹಿಡಿದು ಅವನ ಹಿಂದೆ ನಡೆದಳು. ಯಾಕೆ ಹಿಡಿದಳೆಂದು ಕೇಳಿದ್ದರೆ ಅಭ್ಯಾಸ ಅನ್ನುತ್ತಿದ್ದಳು. ಹಿಂದಿನ ದಿನ ಫೋನ್ ಇಟ್ಟಾಗಿನಿಂದ ಆ ಹೊಲದ ನೆನಪೇ ಅವಳನ್ನು ಕುಟುಕುತ್ತಿತ್ತು ಎಂಬುದು ನಿಜ.

ನಾಲ್ಕು ದಿನದ ಹಿಂದೆ ಮಳೆಯಾಗಿತ್ತು. ಆದರೂ ಟ್ರ್ಯಾಕ್ಟರು ಎಬ್ಬಿಸಿದ ಹೆಂಟೆ ಕಲ್ಲಿನಂತಿತ್ತು. ಅಂಜಿನಪ್ಪ ಒಂದನ್ನು ಕಾಲಲ್ಲಿ ಒದ್ದ. ಅದು ಒಡೆಯದೆ ಉರುಳಿತು.

"ನೋಡಿದ್ಯಾ? ಮಳೆ ಬಂದ್ರೆ ಕೆಸರು, ಬಿಟ್ರೆ ಸಿಮೆಂಟು. ಆರು ವರ್ಷದ ಹಿಂದೆ ಎಕರೆಗೆ ಒಂದು ಚೀಲ ಯೂರಿಯಾ ಹಾಕಿದ್ರೆ ಜೋಳ ಆನೆಯೆತ್ತರ. ಈಗ ಮೂರು ಹಾಕಿದ್ರೂ ಏಳವಲ್ದು. ಬೀಜದ್ದೇ ಏನೋ ಮೋಸ."

"ತಿಪ್ಪೆ ಗೊಬ್ಬರ ಹಾಕಲ್ವಾ ಭಾವ?"

ಅವನು ಅವಳ ಮುಖ ನೋಡಿದ. "ಎಲ್ಲೈತವ್ವ ತಿಪ್ಪೆ?"

ಅವಳು ಮಂಡಿಯೂರಿ ಬೋಗುಣಿಯನ್ನು ನೆಲಕ್ಕೆ ಒತ್ತಿದಳು. ಪರದೆಯಲ್ಲಿ ಗೆರೆ ಹುಟ್ಟಿತು, ಅಡ್ಡಕ್ಕೆ ಮಲಗಿಕೊಂಡು ಹೋಯಿತು. ಒಂದೇ ಜಾಗ ನಂಬಬಾರದೆಂದು ಹೊಲದ ನಡುವೆ ಒಂದು ಕಡೆ, ಬದುವಿನಿಂದ ದೂರ ಇನ್ನೊಂದು ಕಡೆ ಇಟ್ಟಳು. ಎಲ್ಲೂ ಗೆರೆ ತಲೆ ಎತ್ತಲಿಲ್ಲ. ಸಾಧನವೇ ಕೆಟ್ಟಿರಬಹುದೆಂಬ ಆಸೆಯಿಂದ ಬದುವಿನ ಬೇವಿನ ಮರದ ಬುಡಕ್ಕೆ ಹೋದಳು. ಅಲ್ಲಿ ಉದುರೆಲೆ ಕೊಳೆತಿತ್ತು, ಆಡುಗಳು ಮಲಗುವ ಜಾಗ ಅದು. ಬೋಗುಣಿ ಇಟ್ಟೊಡನೆ ಗೆರೆ ಎದ್ದು ನಿಂತಿತು.

ಸಾಧನ ಸರಿಯಿತ್ತು. ಹೊಲ ಉಸಿರಾಡುತ್ತಿರಲಿಲ್ಲ.

ಹೊಲಕ್ಕೆ ಹೋಗಬೇಕಿದ್ದ ಸಗಣಿ ಗಿರಣಿಯಲ್ಲಿ ಉಸಿರಾಡುತ್ತಿತ್ತು. ಸಗಣಿ ತಪ್ಪಿದ ಹೊಲ ಯೂರಿಯಾ ಕುಡಿಯುತ್ತಿತ್ತು. ಹಸಿರೊಳಗಿನ ಅಟ್ಟಣಿಗೆಯಲ್ಲಿ ಒಂದು ಕಿಲೊ ಸಾವಯವ ಸೊಪ್ಪು ಬೆಳೆದಾಗಲೆಲ್ಲ ಎಲ್ಲೋ ಒಂದು ಹೊಲದಲ್ಲಿ ರಸಗೊಬ್ಬರದ ಚೀಲ ಬಾಯಿ ಬಿಚ್ಚುತ್ತಿತ್ತು. ವಿಷ ಬೇಡವೆಂದು ಹೊರಟವಳು ಅದನ್ನು ಒಳಗಿನಿಂದ ಹೊರಗೆ ಸಾಗಿಸಿದ್ದಳು, ಅಷ್ಟೇ.

ಮನೆಗೆ ಬಂದು ಅವಳು ಅತ್ತೆಯ ಎದುರು ಕೂತಳು. "ಅತ್ತೆ, ಆರು ವರ್ಷದ ಹಿಂದೆ ನಮ್ಮ ತಂಡ ಬಂದು ಕೇಳಿದಾಗ ತಿಪ್ಪೆ ಸುಮ್ಮನೆ ಬಿದ್ದಿದೆ ಅಂದಿದ್ರಲ್ಲ?"

"ಅಂದಿದ್ದೆ. ನೀವು ಬಂದಿದ್ದು ಕಾರ್ತಿಕದಾಗೆ. ಕಾರ್ತಿಕದಾಗೆ ತಿಪ್ಪೆ ಬಿದ್ದಿರದೆ ಏನ್ ಕುಣೀತಿರ್ತತಾ? ಜತೆಗೆ ಕ್ಯಾಮೆರಾದೋರು ಬ್ಯಾರೆ, ನನಗೆ ನಾಚ್ಕೆ. ಹಿತ್ಲಾಗೆ ತಿಪ್ಪೆ ಐತಿ ಅಂತ ಹೇಳ್ಕಂಬದೂ ಒಂದು ದೊಡ್ಡಸ್ತಿಕೆನಾ ಅಂತ, ಬಿದ್ದೈತಿ ತಗಂಡ್ ಹೋಗ್ರಪ್ಪ ಅಂದೆ." ಹಾಲಮ್ಮ ಎಲೆಗೆ ಸುಣ್ಣ ಹಚ್ಚುತ್ತಾ ಸೊಸೆಯ ಕಡೆ ನೋಡಿದಳು. "ಅಲ್ವೇ, ಯುಗಾದಿ ಕಳೆದ್ಮೇಲೆ ಅದು ಹೊಲಕ್ಕೆ ಹೋಗುತ್ತೆ ಅಂತ ನಿನಗೊಬ್ಬರು ಹೇಳ್ಬೇಕಾ? ಬ್ಯಾಸಿಗೆ ರಜಕ್ಕೆ ಬಂದು ಗೊಬ್ಬರದ ಗಾಡಿ ಮೇಲೆ ಕೂತ್ಕಂಡು ಹಾಡ್ ಹೇಳ್ತಿದ್ದೋಳು ಯಾರು?"

ಹಾಡು ಹೇಳುತ್ತಿದ್ದವಳು ವಿನುತಾಳೇ.

ಅವಳಿಗೆ ಗೊತ್ತಿತ್ತು. ತಂಡದ ಉಳಿದವರು ನಗರದಲ್ಲಿ ಹುಟ್ಟಿದವರು. ಕಾರ್ತಿಕದಲ್ಲಿ ಬಿದ್ದಿರುವ ತಿಪ್ಪೆ ಚೈತ್ರದಲ್ಲಿ ಎದ್ದು ಹೊಲಕ್ಕೆ ನಡೆಯುತ್ತದೆಂದು ಅವರಿಗೆ ತಿಳಿಯದಿದ್ದರೆ ತಪ್ಪಲ್ಲ. ಮೂವತ್ತು ಹಳ್ಳಿಯಲ್ಲೂ ಅದೇ ತಿಂಗಳು ಕೇಳಿದ್ದರು, ಅದೇ ಉತ್ತರ ಬಂದಿತ್ತು. 'ಬಳಕೆಯಾಗದ ತ್ಯಾಜ್ಯ' ಎಂದು ಬರೆದಿದ್ದರು. ಆ ಸಾಲು ಓದಿದಾಗ ವಿನುತಾಳ ಮೂಗಿಗೆ ಒಂದು ಕ್ಷಣ ಬಿಸಿಲಲ್ಲಿ ಕಾದ ಗೊಬ್ಬರದ ಗಾಡಿಯ ವಾಸನೆ ಬಂದಿತ್ತು. ಸಗಣಿಗೆ ಮಾಮೂಲಿ ಗೊಬ್ಬರದ ಭಾರ ಹಿಡಿದಾಗ ಭಾರಾಂಕ ತೊಂಬತ್ತೆಂಟರ ಆಸುಪಾಸಿನಲ್ಲಿ ಏರಿಳಿಯುತ್ತಿತ್ತು, 'ಭೂಮಿಗೆ ಭಾರವಿಲ್ಲ' ಚೀಟಿ ಸಿಗಬೇಕಾದರೆ ತೊಂಬತ್ತರ ಕೆಳಗೆ ಇಳಿಯಬೇಕಿತ್ತು. ಸಗಣಿಯ ಮನೆಯಲ್ಲಿ ಸೊನ್ನೆ ಇಟ್ಟಳು. ಸಾಗಾಟದ ಡೀಸೆಲ್ಲನ್ನು ಮಾತ್ರ ಎರಡು ಸಲ ತಾಳೆ ನೋಡಿದಳು, ಯಾರೂ ತನ್ನನ್ನು ಅಪ್ರಾಮಾಣಿಕಳೆನ್ನಬಾರದೆಂದು.

ಸುವರ್ಣ ಕಾಫಿ ತಂದುಕೊಟ್ಟಳು. "ಯಾಕೆ ಮುಖ ಹಿಂಗಾತು? ಸಗಣಿ ವಾಸ್ನೆ ಮರ್ತೋಯ್ತೇನು?" ಎಂದು ಕಿಚಾಯಿಸಿದಳು. ವಿನುತಾ ಲೋಟ ತಗೊಂಡಳು, ಕಣ್ಣೆತ್ತಿ ನೋಡಲಿಲ್ಲ.

*

ಸೋಮವಾರ ನಿಯಂತ್ರಣ ಕೊಠಡಿಯಲ್ಲಿ ರುದ್ರಮುನಿ ಪೇಡೆ ತರಿಸಿದ್ದ. ಗೋಡೆಯ ತುಂಬ ಗೆರೆಗಳು ಎಂದಿನಂತೆ ಮೇಲೇರುತ್ತಿದ್ದವು. ವಿನುತಾ ಕೂತು, ಸಗಣಿಯ ಮನೆಯಲ್ಲಿ ಸೊನ್ನೆ ಅಳಿಸಿ, ಅದರ ಬದಲಿಗೆ ಹೊಲಗಳು ನುಂಗಿದ ಹೆಚ್ಚುವರಿ ಯೂರಿಯಾದ ಭಾರ ಹಾಕಿದಳು. ಮಣ್ಣಿನಿಂದ ಕಳೆದುಹೋದ ಇಂಗಾಲವನ್ನು ಇನ್ನೂ ಸೇರಿಸಿರಲಿಲ್ಲ. ಅಂಕಿ ನೂರ ಮೂವತ್ತೇಳಕ್ಕೆ ಹೋಗಿ ನಿಂತಿತು.

ರುದ್ರಮುನಿ ಪೇಡೆ ಬಾಯಿಗಿಟ್ಟವನು ಹಾಗೇ ನಿಂತ. "ಏನಿದು?"

"ನಮ್ಮ ಸೊಪ್ಪಿನ ಭಾರ."

"ಮೇಡಂ, ನಿಯಮದಲ್ಲಿ ಸಗಣಿ ಸೊನ್ನೆ. ನಾವೇನು ಕದ್ದಿಲ್ಲ. ಎಲ್ಲರೂ ಹಾಕೋದು ಸೊನ್ನೆನೇ."

"ಬಳಕೆಯಾಗದೆ ಬಿದ್ದಿದ್ದರೆ ಸೊನ್ನೆ. ಇದು ಬಿದ್ದಿರಲಿಲ್ಲ, ಕಾಯ್ತಾ ಇತ್ತು."

"ಯಾರ್ ಹೇಳಿದ್ರು?"

"ನಾನೇ ಹೇಳ್ತಿದೀನಿ. ಸೊನ್ನೆ ಹಾಕಿದ ದಿನವೂ ಗೊತ್ತಿತ್ತು."

ಅವನು ಕುರ್ಚಿ ಎಳೆದುಕೊಂಡು ಕೂತ. ಅವನು ಕೆಟ್ಟವನಲ್ಲ. ಗಿರಣಿ ಮುಚ್ಚಿದಾಗ ಕೆಲಸ ಕಳೆದುಕೊಂಡ ನೂಲುವವನ ಮಗ. ಅದೇ ಸೂರಿನಡಿ ಮತ್ತೆ ಮುನ್ನೂರು ಜನಕ್ಕೆ ಕೆಲಸ ಕೊಡಿಸಿದ್ದೇನೆಂಬ ಹೆಮ್ಮೆ ಅವನದು. "ಹೋಗಲಿ, ದಾರಿ ಏನಾದ್ರೂ ಐತಾ ಹೇಳಿ," ಎಂದ ಮೆಲ್ಲಗೆ.

ದಾರಿ ಇಲ್ಲದಿರಲಿಲ್ಲ. ಸವೆದ ಹಾಸನ್ನು ಬಿಲ್ಲೆ ಮಾಡಿ ಬಾಯ್ಲರಿಗೆ ಉರುವಲಾಗಿ ಹಾಕುತ್ತಿದ್ದರು. ಅದನ್ನು ಹೊಲಗಳಿಗೆ ಮರಳಿಸಬಹುದು. ಸಗಣಿಯ ಬದಲು ಊರಿನ ಹೋಟೆಲು, ಕಲ್ಯಾಣಮಂಟಪ, ಮನೆಗಳ ಹಸಿಕಸ ಕೊಳೆಸಿ ಹಾಸು ಮಾಡಬಹುದು. ಹೊಲದಿಂದ ನಗರಕ್ಕೆ ಬಂದದ್ದು ನಗರದಲ್ಲೇ ಚರಂಡಿ ಸೇರುವ ಬದಲು ಮತ್ತೊಮ್ಮೆ ಎಲೆಯಾದೀತು. ಆಗ ಅಂಕಿ ತೊಂಬತ್ತರ ಹತ್ತಿರ ಬರಬಹುದೆಂದು ಅವಳ ಅಂದಾಜು. ಇಳುವರಿ ಅರ್ಧಕ್ಕಿಳಿಯುತ್ತಿತ್ತು. ಇನ್ನೊಂದು ತೊಡಕೂ ಇತ್ತು.

"ಹಸಿಕಸಕ್ಕೆ ಸಾವಯವದ ಮುದ್ರೆ ಕೊಡಲ್ಲ ಅವರು," ಎಂದ ರುದ್ರಮುನಿ.

"ಕೊಡಲ್ಲ."

"ಅಂದ್ರೆ ಹೊಲದ ಬಾಯಿಂದ ಕಿತ್ಕೊಂಡ್ರೆ ಸಾವಯವ. ಕಸದಿಂದ ಮಾಡಿದ್ರೆ ಅಲ್ಲ."

"ಹೌದು."

"ಅರ್ಧ ಅಂಕಣ ಮುಚ್ಚಬೇಕಾಗುತ್ತೆ. ಕೊಯ್ಯೋ ಸಾಲಿನ ಅರ್ಧ ಜನ ಮನೆಗೆ. ನಿಮ್ಮ ವಾರಗಿತ್ತಿನೂ ಅಲ್ಲೇ ಅಲ್ವಾ?" ಅವನ ದನಿಯಲ್ಲಿ ಬೆದರಿಕೆ ಇರಲಿಲ್ಲ. ಅದಿದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ನೀವು ಸುಮ್ಮನಿದ್ದರೆ ಯಾರಿಗೂ ತಿಳಿಯಲ್ಲ ಮೇಡಂ. ಆಣೆ ಮಾಡಿ ಹೇಳ್ತೀನಿ, ನಾನೂ ಬಾಯಿ ಬಿಡಲ್ಲ."

ಗೋಡೆಯ ಮೇಲಿನ ಗೆರೆಗಳು ಏರುತ್ತಲೇ ಇದ್ದವು. ಅವಳಿಗೆ ಅದು ಈಗ ತೊಟ್ಟಿಲ ಕೂಸಿನ ಉಸಿರಾಗಿ ಕಾಣಲಿಲ್ಲ. ಬೇವಿನಗೊಂದಿಯ ಕಲ್ಲುಹೆಂಟೆ ಕಣ್ಣಮುಂದೆ ಬಂತು. ಹನ್ನೊಂದು ಘಟಕವೆಂದರೆ ಮುನ್ನೂರ ಮೂವತ್ತು ಹಳ್ಳಿ.

ನೂರ ಮೂವತ್ತೇಳರ ಕೆಳಗೆ ಅವಳು ಸಹಿ ಹಾಕಿದಳು. ಹಿಂದಿನ ಸೊನ್ನೆ ತನ್ನದೇ, ತಿಳಿದೇ ಹಾಕಿದ್ದು ಎಂದೂ ಬರೆದಳು.  ಮನಸ್ಸು ಹಗುರಾದಂತೆ ಅನ್ನಿಸಲಿಲ್ಲ.

*

ಹೊಸ ಘಟಕಗಳು ಬರಲಿಲ್ಲ. 'ಭೂಮಿಗೆ ಭಾರವಿಲ್ಲ' ಚೀಟಿ ಹೋಯಿತು, ಸಾವಯವದ ಮುದ್ರೆ ಹೋಯಿತು. ವಿನುತಾಳ ಹುದ್ದೆಯೂ ಇಳಿಯಿತು. ಹಸಿಕಸದ ಹಾಸು ಮಾಡಬಲ್ಲವರು ಬೇರೆ ಯಾರೂ ಇಲ್ಲದ್ದರಿಂದ ಅವಳನ್ನು ಉಳಿಸಿಕೊಂಡಿದ್ದರು. ಕೊನೆಗೆ ಎರಡು ಅಂಕಣಗಳಲ್ಲಿ ಮಾತ್ರ ದೀಪ ಉರಿಯಿತು. ಆ ಸೊಪ್ಪಿನ ಮೇಲೆ ತೊಂಬತ್ತಾರು ಎಂದು ಅಚ್ಚಾಗುತ್ತಿತ್ತು. ಹೊಲದ್ದಕ್ಕಿಂತ ನಾಲ್ಕು ಕಡಿಮೆ. ಕೊಳ್ಳುವವರು ಚೌಕಾಸಿ ಮಾಡುತ್ತಿದ್ದರು. ಸವೆದ ಹಾಸುಗಳು ಲಾರಿಯಲ್ಲಿ ಹಳ್ಳಿಗಳಿಗೆ ಮರಳುತ್ತಿದ್ದವು.

ಮುಂದಿನ ಪಾಡ್ಯಕ್ಕೆ ಬೇವಿನಗೊಂದಿಯಿಂದ ಫೋನು ಬರಲಿಲ್ಲ. ವಿನುತಾ ತಾನಾಗಿಯೇ ಹೋದಳು.

ಹೊಸ್ತಿಲ ಬದಿಯಲ್ಲಿ ಹಟ್ಟೆವ್ವ ಆಗಲೇ ಕೂತಿದ್ದಳು. ಸುವರ್ಣ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಸೊಪ್ಪು ಕೊಯ್ಯುವ ಕೆಲಸ ಹೋಗಿ, ಹೊಲದ ಬಿಸಿಲಿಗೆ ಅವಳ ಕತ್ತು ಮತ್ತೆ ಕಪ್ಪಾಗಿತ್ತು. "ಬಂದ್ಯಾ," ಎಂದಳು, ಅಷ್ಟೇ. ಕಳೆದ ವರ್ಷದ ಕಿಚಾಯಿಕೆ ಇರಲಿಲ್ಲ.  ಮತ್ತೆ ಪಾತ್ರೆ ತಿಕ್ಕತೊಡಗಿದಳು.

ಹಾಲಮ್ಮ ಕೊಟ್ಟಿಗೆಯಿಂದ ಸೊಂಟ ಹಿಡಿದುಕೊಂಡು ಹೊರಗೆ ಬಂದಳು. ಬಟ್ಟೆ ಒಗೆಯುವ ಕಟ್ಟೆಯನ್ನು ಒಡೆಸಿ ಮತ್ತೆ ಗುಂಡಿ ತೆಗೆಸಿದ್ದರು. ಅವಳು ತುಂಬಿದ ಬುಟ್ಟಿಯೊಂದನ್ನು ಸೊಸೆಯ ಕಾಲ ಬಳಿ ದೊಪ್ಪನೆ ಇಟ್ಟಳು.

"ಲಾರಿ ನಿಲ್ಲಿಸಿದೋಳು ನೀನು. ಸೊಂಟ ಹೋಗ್ತಿರಾದು ನಂದು. ಇವತ್ತಿಂದು ನಿನ್ನ ಪಾಲು, ಹೊರು."

"ಹೊಸ ಸೀರೆ ಅತ್ತೆ..."

"ನನ್ನ ಹೊಲಕ್ಕೇನು ಹಳೇದಾ?"

ಅದಕ್ಕೆ ಏನರ್ಥವೆಂದು ಹಾಲಮ್ಮನಿಗೂ ಗೊತ್ತಿದ್ದಂತಿರಲಿಲ್ಲ, ಸಿಟ್ಟಿಗೆ ಬಂದ ಮಾತು. ಆದರೂ ವಿನುತಾ ಸೆರಗು ಸುತ್ತಿ ಸಿಂಬಿ ಮಾಡಿ ಬುಟ್ಟಿ ತಲೆಗೇರಿಸಿಕೊಂಡಳು. ತಿಳಿ ಸಗಣಿ ಕಿವಿಯ ಹಿಂದಿನಿಂದ ಕುತ್ತಿಗೆಗಿಳಿಯಿತು. ಹಿತ್ತಲಲ್ಲಿ ಸುವರ್ಣ ತಲೆ ಎತ್ತಿ ನೋಡಿದಳು, ನಗಲಿಲ್ಲ, ಬೇರೆ ಕಡೆ ತಿರುಗಲೂ ಇಲ್ಲ.

ಬುಟ್ಟಿ ಬರಿದು ಮಾಡಿ, ಕೈ ಕೂಡ ತೊಳೆಯದೆ, ವಿನುತಾ ಹೊಲಕ್ಕೆ ಹೋದಳು. ಬೇಸಿಗೆಯಲ್ಲಿ ಅಂಜಿನಪ್ಪ ಹರಡಿದ್ದ ಹಾಸಿನ ಚೂರುಗಳು ಅಲ್ಲಲ್ಲಿ ಕಂದು ಚಿಂದಿಯಂತೆ ಕಾಣುತ್ತಿದ್ದವು. ಕಳೆದ ವರ್ಷ ಊರಿದ ಜಾಗದಲ್ಲೇ ಮಂಡಿಯೂರಿ ಬೋಗುಣಿ ಒತ್ತಿದಳು.

ಗೆರೆ ಹುಟ್ಟಿ ಅಡ್ಡಕ್ಕೆ ನಡೆಯಿತು. ಕೊನೆಯಲ್ಲಿ ಕೊಂಚ ಮೇಲೆದ್ದಿತೆ? ಅವಳು ಪರದೆಗೆ ಕಣ್ಣು ಹತ್ತಿರ ತಂದಳು. ಅಷ್ಟು ಸಣ್ಣ ಏರಿಕೆಯನ್ನು ಸಾಧನದ ದೋಷವೆಂದು ಬಿಟ್ಟುಬಿಡಬೇಕೆಂದು ಅವಳೇ ಎಷ್ಟೋ ಜನಕ್ಕೆ ಕಲಿಸಿದ್ದಳು. ಆರು ವರ್ಷದಲ್ಲಿ ಹೋದದ್ದು ಬರಲು ಅದರ ಮೂರು ಪಟ್ಟು ಹಿಡಿಯುತ್ತದೆ. ಅಷ್ಟರಲ್ಲಿ ಅತ್ತೆ ಇರುವುದಿಲ್ಲ. ಸುವರ್ಣ ಬಿಸಿಲಲ್ಲೇ ಮುದುಕಿಯಾಗಿರುತ್ತಾಳೆ.

"ಏನಂತತೆ?" ಬದುವಿನ ಮೇಲೆ ನಿಂತು ಅಂಜಿನಪ್ಪ ಕೂಗಿದ.

ಹೇಳಬೇಕೆನಿಸಿದ ಮಾತು ನಾಲಗೆಯ ತುದಿಗೆ ಬಂದಿತ್ತು. ಏರಿದೆ ಭಾವ, ಸ್ವಲ್ಪ ಏರಿದೆ.

"ಏನೂ ಇಲ್ಲ ಭಾವ," ಎಂದಳು ವಿನುತಾ. "ಇನ್ನೂ ಏನೂ ಇಲ್ಲ."

ಸಗಣಿ ಒಣಗಿ ಬಿಗಿಯುತ್ತಿದ್ದ ಕೈಯಿಂದ ಬೋಗುಣಿಯನ್ನು ಎತ್ತಿ, ಮಣ್ಣು ಕೊಡವಿ, ನಾಲ್ಕು ಹೆಜ್ಜೆ ಆಚೆಗೆ ಮತ್ತೆ ಒತ್ತಿದಳು.